ಚೀಲವಿಲ್ಲದ ಶನಿವಾರ, ಬೀಗ ಹಾಕಿದ ಸಭಾಭವನ

ಶಾಲಾ ಮಕ್ಕಳ ಚೀಲದ ಭಾರ ಇಳಿಸಬೇಕೆಂದು ಕರ್ನಾಟಕ ಸರಕಾರ 2019ರ ಮೇ ತಿಂಗಳಲ್ಲಿ ಒಂದು ಆದೇಶ ಹೊರಡಿಸಿತು. ಒಂದು ಮತ್ತು ಎರಡನೇ ತರಗತಿಯವರ ಚೀಲ ಎರಡು ಕಿಲೋ ಮೀರಬಾರದು, ಒಂಬತ್ತು ಮತ್ತು ಹತ್ತನೇ ತರಗತಿಯವರದ್ದು ಐದು ಕಿಲೋ ಮೀರಬಾರದು, ತಿಂಗಳ ಮೂರನೇ ಶನಿವಾರ ಚೀಲವೇ ಬೇಡ. ಇದೇ ಚೀಲರಹಿತ ದಿನ ಮುಂದೆ ‘ಸಂಭ್ರಮ ಶನಿವಾರ’ ಎಂಬ ಹೆಸರಿನಲ್ಲಿ ನಮ್ಮ ಶಾಲೆಗಳಿಗೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ಚೀಲರಹಿತ ದಿನಗಳನ್ನು ಹೇಳಿದೆ. ಆ ದಿನಗಳಲ್ಲಿ ಮಕ್ಕಳು ಊರಿನ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕುಳಿತು ಕೆಲಸ ಕಲಿಯಬೇಕು ಎಂಬುದು ಅದರ ಆಶಯ. ಕೇಂದ್ರದ ನೀತಿ ನಮಗೆ ಬೇಕೇ ಬೇಡವೇ ಎಂಬ ಜಗಳ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಸಣ್ಣದು: ಚೀಲ ಇಳಿಸಿದ ಮಗು ಆ ದಿನ ಎಲ್ಲಿಗೆ ಹೋಗಬೇಕು?

ಅನುಕೂಲವಿರುವ ಶಾಲೆಗಳಿಗೆ ಉತ್ತರ ಸಿದ್ಧವಿದೆ. ಬಸ್ಸು ಮಾಡಿಕೊಂಡು ವಾಮಂಜೂರು ಬಳಿಯ ಪಿಲಿಕುಳಕ್ಕೆ ಹೋಗುತ್ತಾರೆ. ಅಲ್ಲಿ ಕುಶಲಕರ್ಮಿಗಳ ಗ್ರಾಮವಿದೆ, ವಿಜ್ಞಾನ ಕೇಂದ್ರವಿದೆ, 2018ರಲ್ಲಿ ಆರಂಭವಾದ ತ್ರೀಡಿ ತಾರಾಲಯವಿದೆ. ಮಕ್ಕಳು ನೋಡಲೇಬೇಕಾದ ಜಾಗ, ಸಂಶಯವಿಲ್ಲ. ಆದರೆ ಬಸ್ಸಿನ ಬಾಡಿಗೆ ಹಾಕಿ ವರ್ಷಕ್ಕೆ ಎಷ್ಟು ಸಲ ಹೋಗಲು ಸಾಧ್ಯ? ಹೋದರೂ ಕುಂಬಾರನ ಚಕ್ರದ ಸುತ್ತ ಅರವತ್ತು ಮಕ್ಕಳು ನಿಂತು ನೋಡುತ್ತಾರೆ, ಮಣ್ಣು ಕೈಗೆ ಹತ್ತುವುದು ಇಬ್ಬರಿಗೋ ಮೂವರಿಗೋ. ಹಳ್ಳಿಯ ಶಾಲೆಗಳಲ್ಲಿ ಅದೂ ಇಲ್ಲ. ಅಂಗಳದಲ್ಲಿ ಒಂದು ಆಟ ಆಡಿಸಿ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಶನಿವಾರ ಮುಗಿಯಿತು. ಶಿಕ್ಷಕರನ್ನು ದೂರಿ ಫಲವಿಲ್ಲ. ಅವರ ಕೈಯಲ್ಲಿ ಸುತ್ತೋಲೆ ಇದೆ, ಸ್ಥಳವಿಲ್ಲ.

ಕರಾವಳಿಯಲ್ಲಿ ಈ ವಿಚಾರ ಹೊಸದೇನಲ್ಲ. ಪುತ್ತೂರಿನಲ್ಲಿ ಡಾ. ಶಿವರಾಮ ಕಾರಂತರು ಬಾಲವನ ಕಟ್ಟಿದ್ದು 1930ರ ದಶಕದಲ್ಲಿ. ಪಠ್ಯಪುಸ್ತಕದ ಹೊರಗೆ, ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನು ಅವರು ಅಲ್ಲಿ ಪ್ರಯೋಗ ಮಾಡಿ ನೋಡಿದರು. ಮಕ್ಕಳಿಗಾಗಿಯೇ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆದರು. ಅವರ ಶಾಲೆ ಉಳಿಯಲಿಲ್ಲ, ಜಾಗ ಉಳಿಯಿತು. ಇಂದು ಅಲ್ಲಿ ಅವರ ಮನೆಯಿದೆ, ಈಜುಕೊಳವಿದೆ, ರಜೆಯಲ್ಲಿ ಮಕ್ಕಳ ಕಲರವವಿದೆ. ಒಬ್ಬ ಮನುಷ್ಯನ ಹಟದಿಂದ ಶುರುವಾದದ್ದು ಊರಿನ ಸೊತ್ತಾಯಿತು. ಆದರೆ ಪುತ್ತೂರಿನ ಬಾಲವನ ಪುತ್ತೂರಿನವರಿಗೆ ಹತ್ತಿರ. ಉಳಿದವರ ಗತಿ?

ಉಳಿದವರ ಊರಿನಲ್ಲಿ ಚರ್ಚ್ ಸಭಾಭವನವಿದೆ. ಒಳಗೆ ಶಟ್ಲ್ ಆಡುವ ಜಾಗ, ಕೇರಂ ಬೋರ್ಡು, ವೇದಿಕೆ, ನಳ್ಳಿ ನೀರು, ಶೌಚಾಲಯ. ರೋಸ್, ಮದುವೆ, ಕ್ರಿಸ್ಮಸ್ ಹೌಸಿ, ವಾರ್ಷಿಕ ಮಹಾಸಭೆ ಬಿಟ್ಟರೆ ಬಾಗಿಲಿಗೆ ಬೀಗ. ಶನಿವಾರ ಬೆಳಗ್ಗೆ ಹೆಚ್ಚಿನ ಕಡೆ ಅಲ್ಲಿ ಪಾರಿವಾಳ ಮಾತ್ರ. ಯುವಕ ಮಂಡಲಗಳ ಕಟ್ಟಡಗಳ ಕತೆಯೂ ಇದೇ.

ಸಭಾಭವನದಲ್ಲಿ ಏನು ಕಲಿಸುವುದು ಎಂದು ಕೇಳುವವರಿದ್ದಾರೆ. ಶಟ್ಲ್ ಕೋರ್ಟಿನಿಂದಲೇ ಶುರು ಮಾಡೋಣ. ಉದ್ದ 13.40 ಮೀಟರ್, ಅಗಲ 6.10. ಆರನೇ ತರಗತಿಯವರು ಅಳತೆ ಪಟ್ಟಿ ಹಿಡಿದು ಸುತ್ತಳತೆ, ವಿಸ್ತೀರ್ಣ ತೆಗೆಯಲಿ. ಹತ್ತನೆಯವರು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯಲಿ. 14.72 ಮೀಟರ್ ಬಂದರೆ ಗೆರೆ ಸರಿ, ಬಾರದಿದ್ದರೆ ಕೋರ್ಟು ಸೊಟ್ಟ. ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿದ ಹುಡುಗ ನೆಲದ ಮೇಲೆ ಅದನ್ನು ಕಂಡಾಗ ಅವನ ಮುಖ ನೋಡಬೇಕು. (ಎಷ್ಟೋ ಸಭಾಭವನಗಳ ಕೋರ್ಟು ಸೊಟ್ಟವೆಂದು ಆ ದಿನವೇ ಗೊತ್ತಾದೀತು. ಗೊತ್ತಾಗಲಿ.) ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಅಂಚಿಗೆ ತಾಗಿ ಮರಳುವ ಕೋನ ಬೆಳಕಿನ ಪಾಠಕ್ಕೆ ಸಾಕು.

ಇನ್ನು ಚಾವಣಿ. ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಲೆಕ್ಕ ಹಾಕಿದರೆ ಏಳು ಲಕ್ಷ ಲೀಟರ್. ಅಷ್ಟೂ ಚರಂಡಿಗೆ ಹರಿಯುತ್ತದೆ, ಏಪ್ರಿಲ್ ಬಂದರೆ ಅದೇ ಅಂಗಳಕ್ಕೆ ಟ್ಯಾಂಕರ್ ಬರುತ್ತದೆ. ಮಕ್ಕಳು ಒಂದು ಮಳೆಗಾಲ ಬಾಟಲಿಯಿಂದ ಮಳೆಮಾಪಕ ಮಾಡಿ ದಿನದಿನದ ಲೆಕ್ಕ ಬರೆದಿಟ್ಟರೆ, ಪಾಲನಾ ಮಂಡಳಿಯ ಮುಂದೆ ಅದನ್ನು ಇಡುವ ಧೈರ್ಯ ಅವರಿಗೆ ಬಂದೀತು. ನಾವು ಹಿರಿಯರು ಈ ಲೆಕ್ಕ ಹಾಕಿದವರಲ್ಲ.

ಕಲಿಸುವವರು ಬೇಕಲ್ಲ? ವಾಳೆಗಳಲ್ಲಿ ಎಲೆಕ್ಟ್ರಿಷಿಯನ್ ಇದ್ದಾರೆ, ಟೈಲರಿಂಗ್ ಮಾಡುವ ಬಾಯಿಯರಿದ್ದಾರೆ, ಗಲ್ಫಿನಿಂದ ಮರಳಿದ ವೆಲ್ಡರ್, ಪ್ಲಂಬರ್‌ಗಳಿದ್ದಾರೆ. ಅವರನ್ನು ನಾವು ಕರೆಯುವುದು ಪೈಪು ಒಡೆದಾಗ ಮಾತ್ರ. ಪ್ಲಗ್ಗಿನ ಮೂರನೇ ಕಾಲು ಏಕೆ ಉದ್ದ ಎಂದು ವಿವರಿಸಲು ಅವರಿಗಿಂತ ಬೇರೆ ಮೇಷ್ಟ್ರು ಬೇಡ.

ಆಕ್ಷೇಪಗಳೂ ಇವೆ, ಅವುಗಳಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಮದುವೆ ಬುಕ್ಕಿಂಗ್ ತಪ್ಪಿದರೆ ನಿರ್ವಹಣೆಗೆ ಹಣ ಎಲ್ಲಿಂದ ಎಂದು ಖಜಾಂಚಿಗಳು ಕೇಳುತ್ತಾರೆ. ತಿಂಗಳಲ್ಲಿ ಒಂದು ಶನಿವಾರ, ಅದೂ ಅರ್ಧ ದಿನ. ಮದುವೆಯಿದ್ದರೆ ಮುಂದಿನ ವಾರ. ಮಕ್ಕಳ ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಶಾಲೆಯ ಶಿಕ್ಷಕರು ಜತೆಯಲ್ಲೇ ಇರಬೇಕು, ಹೆತ್ತವರ ಒಪ್ಪಿಗೆ ಪತ್ರ ಬೇಕು, ಯಾವ ಹಿರಿಯರೂ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು. 2012ರ ಪೋಕ್ಸೊ ಕಾಯಿದೆಯ ನಂತರ ಇದರಲ್ಲಿ ರಾಜಿಯ ಮಾತೇ ಇಲ್ಲ. ಮೂರನೆಯದನ್ನು ಪಿಸುಮಾತಿನಲ್ಲಿ ಹೇಳುತ್ತಾರೆ: ‘ಸರಕಾರಿ ಶಾಲೆಯ ಎಲ್ಲಾ ಮಕ್ಕಳೂ ಬಂದರೆ?’ ಬರಲಿ. ಸಭಾಭವನಕ್ಕೆ ದೇಣಿಗೆ ಕೇಳಲು ಹೋದಾಗ ನಾವು ಊರಿನ ಎಲ್ಲರ ಮನೆಗೂ ಹೋಗಿದ್ದೆವು.

ಗ್ರಾಮ ಪಂಚಾಯತ್ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಪುಸ್ತಕ ಅವರಲ್ಲಿದೆ, ವಿಶಾಲ ಹಾಲ್ ನಮ್ಮಲ್ಲಿದೆ. ಮುಖ್ಯೋಪಾಧ್ಯಾಯರು, ಅರಿವು ಕೇಂದ್ರದ ಮೇಲ್ವಿಚಾರಕರು ಮತ್ತು ಪಾಲನಾ ಮಂಡಳಿಯ ಕಾರ್ಯದರ್ಶಿ ಒಂದು ಸಂಜೆ ಚಹಾಕ್ಕೆ ಕುಳಿತರೆ ಜೂನ್ ತಿಂಗಳ ಮೂರನೇ ಶನಿವಾರ ನಿಗದಿಯಾಗುತ್ತದೆ. ಅಷ್ಟರೊಳಗೆ ಹಾಲಿನ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕಿ ಇಡಬೇಕು.