ಬಾಗಿಲು ತೆರೆಯಲಿಲ್ಲವೆಂದು ಬೀಗವನ್ನೇ ಕೀಳುವುದೇ?



ಕಳೆದ ಕೊಯ್ಲಿನ ಭರಾಟೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಕಚೇರಿಯ ಗಣಕಯಂತ್ರಗಳೆಲ್ಲ ಎಂದಿನಂತೆ ತೆರೆದುಕೊಂಡವು. ಲೆಕ್ಕದ ತಂತ್ರಾಂಶ ಮಾತ್ರ ಯಾರನ್ನೂ ಒಳಗೆ ಬಿಡಲಿಲ್ಲ. ಅಡಿಕೆ ಮೂಟೆ ಇಳಿಸಿ ಮುಂಗಡಕ್ಕೆ ಕಾದಿದ್ದವರು ಮಧ್ಯಾಹ್ನದ ಬಸ್ಸಿಗೆ ಬರಿಗೈಯಲ್ಲಿ ಹಿಂದಿರುಗಿದರು. ಹಿಂದಿನ ರಾತ್ರಿ ಸರ್ವರಿಗೆ ಸುರಕ್ಷತಾ ಅಪ್‌ಡೇಟ್ ಹಾಕಲಾಗಿತ್ತೆಂಬುದು ಆಮೇಲೆ ತಿಳಿಯಿತು. ಅದನ್ನು ತೆಗೆಸಿ, ಇನ್ನು ಮುಂದೆ ಅಪ್‌ಡೇಟಿನ ಗೊಡವೆಯೇ ಬೇಡ ಎಂಬ ಮಾತು ಈಗ ಬಲವಾಗಿ ಕೇಳಿಬರುತ್ತಿದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಸರ್ವರು ನಮ್ಮನ್ನು ಗುರುತಿಸುವ ಬಗೆ ಉಗ್ರಾಣದ ಚೀಟಿಯಂತೆ. ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಅದು ಮೊಹರು ಹಾಕಿದ ಚೀಟಿ ಕೊಡುತ್ತದೆ. ಆ ಚೀಟಿಯ ಬಲದಿಂದ ಲೆಕ್ಕಕ್ಕೆ, ಕಡತಕ್ಕೆ, ಮುದ್ರಣಕ್ಕೆ ಬೇರೆ ಬೇರೆ ಚೀಟಿ ಸಿಗುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಪದ್ಧತಿಯ ಹೆಸರು ಕೆರ್ಬರೋಸ್. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಅದು. ಮೊಹರು ಹಳೆಯ ಮಾದರಿಯದಾದರೆ ಕಳ್ಳರು ಅದನ್ನು ನಕಲು ಮಾಡಬಲ್ಲರು. ಅಪ್‌ಡೇಟು ಹಳೆಯ ಮೊಹರನ್ನು ನಿಲ್ಲಿಸಲು ಹೊರಟಾಗ, ಹಳೆಯದನ್ನೇ ನೆಚ್ಚಿದ ಖಾತೆಗಳು ಹೊರಗುಳಿಯುತ್ತವೆ.

ನಮ್ಮಲ್ಲಿ ಆದದ್ದೂ ಇದೇ. ತಂತ್ರಾಂಶದ ಖಾತೆ ಹಳೆಯ ಸರ್ವರಿನ ಕಾಲದ್ದು. ಸರ್ವರು ಬದಲಾಯಿತು, ಖಾತೆಯ ಪಾಸ್‌ವರ್ಡ್ ಒಮ್ಮೆಯೂ ಬದಲಾಗಲಿಲ್ಲ. ಆದ್ದರಿಂದ ಹೊಸ ಬಗೆಯ ಕೀಲಿ ಅದಕ್ಕೆ ಹುಟ್ಟಿಯೇ ಇರಲಿಲ್ಲ. ಪಾಸ್‌ವರ್ಡ್ ಹೊಸದಾಗಿ ಕೊಟ್ಟು ತಂತ್ರಾಂಶಕ್ಕೂ ಅದನ್ನು ತಿಳಿಸಿದ ಮೇಲೆ ಕೆಲಸ ಸಾಗಿತು. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಹೋಯಿತು. ಸರ್ವರಿನ ದಾಖಲೆಯಲ್ಲಿ ಬರೆದಿದ್ದ ಕಾರಣವನ್ನು ಯಾರೂ ಓದಿರಲಿಲ್ಲ.

ಅಪ್‌ಡೇಟಿನದೇ ತಪ್ಪು ಇರುವುದಿಲ್ಲವೆಂದು ನಾವು ಹೇಳುವುದಿಲ್ಲ. 2022ರ ನವೆಂಬರ್ 8ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಅಪ್‌ಡೇಟಿನಿಂದ ಲೋಕದ ಅನೇಕ ಕಚೇರಿಗಳಲ್ಲಿ ಕೆರ್ಬರೋಸ್ ಕೈಕೊಟ್ಟಿತು. ಹಳೆಯ ಆರ್‌ಸಿ4 ಗೂಢಲಿಪಿಯನ್ನು ಮೊದಲೇ ಬಿಟ್ಟು ಎಇಎಸ್ ಹಿಡಿದಿದ್ದ ಎಚ್ಚರದ ಕಚೇರಿಗಳಿಗೂ ಪೆಟ್ಟು ಬಿದ್ದುದು ವಿಪರ್ಯಾಸ! ಕಂಪನಿ ತಪ್ಪನ್ನು ಒಪ್ಪಿ, ನವೆಂಬರ್ 17ರಂದು ತಿದ್ದುಪಡಿ ಹೊರಡಿಸಿತು. ಆ ಒಂಬತ್ತು ದಿನಗಳ ಸಿಟ್ಟಿನಲ್ಲಿ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿದವರಿಗೆ ಆ ತಿದ್ದುಪಡಿಯೂ ತಲುಪಲಾರದು, ಮುಂದಿನ ರಕ್ಷಣೆಯೂ ತಲುಪಲಾರದು.

ಬೋರ್ಡೋ ಹೊಡೆದು ಎಲೆ ಸುಟ್ಟರೆ ನಾವು ಔಷಧಿಯನ್ನೇ ಬಿಟ್ಟು ತೋಟವನ್ನು ಕೊಳೆಗೆ ಒಪ್ಪಿಸುವುದಿಲ್ಲ. ದ್ರಾವಣಕ್ಕೆ ಚಾಕು ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರು ಬೆರೆಸುತ್ತೇವೆ. ಸರ್ವರಿನ ವಿಷಯದಲ್ಲಿ ಈ ಚಾಕು ಎಂದರೆ ಅದರ ದಾಖಲೆ. ಯಾವ ಖಾತೆ, ಯಾವ ಕೀಲಿ, ಯಾವ ಹೊತ್ತು ಎಂಬುದು ಅಲ್ಲಿರುತ್ತದೆ. ಗಡಿಯಾರವನ್ನೂ ನೋಡಬೇಕು: ಯಂತ್ರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೀಟಿ ತಿರಸ್ಕೃತವಾಗುವುದು ಸಾಮಾನ್ಯ ನಿಯಮ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದೊಂದು ಸಣ್ಣ ವಿಷಯವಲ್ಲ.

ನಿರ್ವಹಣೆಯ ಗುತ್ತಿಗೆದಾರರು ಇಷ್ಟು ದಿನ “ಸರಿಯಾಯಿತು” ಎಂದು ಹೇಳಿ ಬಿಲ್ಲು ಕೊಟ್ಟು ಹೋಗುತ್ತಿದ್ದರು. ಏನು ಕೆಟ್ಟಿತ್ತು, ಏನು ಬದಲಿಸಿದರು ಎಂಬುದನ್ನು ಅವರಿಂದ ಬರೆಸಿಕೊಂಡೇ ಹಣ ಕೊಡಬೇಕು. ಅಪ್‌ಡೇಟನ್ನು ಮೊದಲು ಪ್ರಯೋಗದ ಯಂತ್ರವೊಂದರಲ್ಲಿ ನೋಡಿ, ಪಾವತಿ ಇಲ್ಲದ ದಿನ ಸರ್ವರಿಗೆ ಹಾಕಲಿ. ಇನ್ನು, ಯಂತ್ರ ಬಂದ ಮೇಲೆ ಅಟ್ಟ ಸೇರಿದ ಕೈಬರಹದ ಮುಂಗಡ ಪುಸ್ತಕವನ್ನು ಕೆಳಗಿಳಿಸಿ ಕೌಂಟರಿನಲ್ಲಿ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ. ಮುಂದಿನ ಬಾರಿ ಬಸ್ಸು ಹೊರಡುವ ಮೊದಲು ಬೆಳೆಗಾರನ ಕೈಗೆ ಹಣ ಬರಲಿ.