ಬೆಕ್ಕು ಝುಣಕಾ ತಿಂದ್ರ ನಗೂ ಮಾತಲ್ಲ

ನಮ್ಮ ಓಣ್ಯಾಗ ನಾಲ್ಕು ಹೆಣ್ಣಮಕ್ಕಳು ಒಂದು ಕಟ್ಟಿ ಮ್ಯಾಲೆ ಕೂತ್ವಿ ಅಂದ್ರ, ಮಕ್ಕಳ ಮಾರ್ಕ್ಸ್ ಮಾತು ಮುಗದ ಮ್ಯಾಲೆ ಬೆಕ್ಕಿನ ಮಾತು ಬಂದ ಬರ್ತದ. ಅದೂ ಬೆಕ್ಕು ಏನು ತಿಂತದ ಅನ್ನೋ ಮಾತು. ಒಬ್ಬಾಕಿ ಮನಿ ಬೆಕ್ಕು ಕರಬೂಜಿ ಹಣ್ಣು ಹೆಚ್ಚಲಿಕ್ಕೆ ಕೂತ್ರ ಸಾಕು, ಈಳಗಿ ಮುಂದ ಬಂದು ಕೂಡ್ತದಂತ. ಇನ್ನೊಬ್ಬಾಕಿದು ಹಸಿ ಕೊಬ್ಬರಿ ಹೆರಿಯೋ ಸಪ್ಪಳಾ ಕೇಳಿದ್ರ ಮಾಳಗಿ ಮ್ಯಾಲಿಂದ ಇಳದು ಬರ್ತದಂತ. ಸವತಿಕಾಯಿ ತಿನ್ನೋ ಬೆಕ್ಕು, ಬೇಯಿಸಿದ ಕಡ್ಲಿ ತಿನ್ನೋ ಬೆಕ್ಕು, ಚಹಾದಾಗ ಅದ್ದಿದ ಬಿಸ್ಕಿಟ್ ಬೇಕು ಅಂತ ಹಟಾ ಮಾಡೋ ಬೆಕ್ಕು, ಎಲ್ಲಾ ಅವ. ನಮ್ಮ ನಾದಿನಿ ಮನಿ ಬೆಕ್ಕಂತೂ ಎಲ್ಲಾರನ್ನೂ ಮೀರಿಸಿದ್ದು. ಅದು ಝುಣಕಾ ತಿಂತದ. ರೊಟ್ಟಿ ಜೋಡಿ ಅಲ್ಲ, ಬರೇ ಝುಣಕಾ. ಅದರ ವಿಡಿಯೋ ನಮ್ಮ ಮನಿ ಮಂದಿ ವಾಟ್ಸ್ಯಾಪ್ ಗ್ರೂಪಿನ್ಯಾಗ ಬಂದಾಗ ಒಬ್ಬರೂ ನಗದ ಬಿಟ್ಟಿಲ್ಲ, "ಧಾರವಾಡದ ಬೆಕ್ಕು ಅಂದ್ರ ಹಿಂಗಿರಬೇಕು" ಅಂತ ನಮ್ಮ ಮಾವನೂ ಬರದ್ರು.

ನಾ ಮಾತ್ರ ನಗಲಿಲ್ಲ. ಅದಕ್ಕ ನನಗ "ನೀ ಭಾಳ ಶಾಣ್ಯಾ ಆಗಬ್ಯಾಡ" ಅಂತ ಅನಿಸಿಕೊಳ್ಳೋದೂ ಆತು. ಆದ್ರೂ ಹೇಳ್ತೀನಿ. ಬೆಕ್ಕಿಗೆ ಸೇರ್ತದ ಅನ್ನೋದು ಬೇರೆ, ಬೆಕ್ಕಿಗೆ ಆಗ್ತದ ಅನ್ನೋದು ಬೇರೆ. ನಾವು ಸಸ್ಯಾಹಾರಿ ಮನಿಯವರು ಇವೆರಡನ್ನೂ ಒಂದ ಮಾಡಿಬಿಟ್ಟೇವಿ. ಯಾಕಂದ್ರ ಹಂಗ ಮಾಡಿದ್ರ ನಮಗ ಅನುಕೂಲ.

ಮೊದಲ ಇದು ಯಾಕ ತಿಂತದ ಅನ್ನೋದನ್ನ ನೋಡೂಣು. ಕರಬೂಜಿ ಸಿಹಿ ಇರ್ತದ ಅಂತ ಬೆಕ್ಕು ತಿಂತದ ಅಂತ ನಾವು ತಿಳಕೊಂಡೇವಿ. ಬೆಕ್ಕಿಗೆ ಸಿಹಿ ರುಚಿನ ಗೊತ್ತಾಗೂದಿಲ್ಲ! ನಾಲಿಗಿ ಮ್ಯಾಲೆ ಸಿಹಿ ಹಿಡಿಯೋದಕ್ಕ ಎರಡು ಜೀನು ಕೂಡಿ ಕೆಲಸಾ ಮಾಡಬೇಕು, ಬೆಕ್ಕಿನ್ಯಾಗ ಅದರಾಗಿಂದು ಒಂದು ಕೆಟ್ಟು ನಿಂತದ. ಅಮೆರಿಕಾದ ಫಿಲಡೆಲ್ಫಿಯಾದಾಗಿನ ಮೊನೆಲ್ ಅನ್ನೋ ಸಂಸ್ಥಾದವರು 2005ರಾಗ ಇದನ್ನ ಕಂಡು ಹಿಡದ್ರು. ಬರೇ ಮನಿ ಬೆಕ್ಕಲ್ಲ, ಹುಲಿ ಚಿರತಿಗೂ ಹಂಗ ಅದ. ಅಂದ್ರ ನೀವು ಪೇಡೆ ಕೊಟ್ಟಾಗ ಅದು ಸಕ್ಕರಿಗೆ ಬಾಯಿ ಬಿಡೂದಿಲ್ಲ, ಅದರಾಗಿನ ಖೋವಾಕ್ಕ ಬಿಡ್ತದ. ಹಾಲಿನ ಕೊಬ್ಬು, ತುಪ್ಪದ ವಾಸನಿ, ಅದ ಅದರ ಲೆಕ್ಕ. ಕೊಬ್ಬರಿನೂ ಹಂಗ, ತುಂಬ ಎಣ್ಣಿ ಇರ್ತದಲ್ಲ. ಕರಬೂಜಿ ಹಣ್ಣಿನ ವಾಸನಿಯೊಳಗ ಮಾಂಸದ ವಾಸನಿಗೆ ಹತ್ತರದ್ದು ಏನೋ ಅದಕ್ಕ ಸಿಗ್ತದ ಅಂತ ತಿಳದವರು ಅಂತಾರ. ಇನ್ನ ಬಿಸಿ ಚಪಾತಿ. ಆಗಷ್ಟ ಹಿಡದ ಇಲಿ ಮೈ ಎಷ್ಟು ಬೆಚ್ಚಗಿರ್ತದೋ ಅಷ್ಟು ಬೆಚ್ಚಗಿದ್ದ ತಿನಿಸು ಬೆಕ್ಕಿಗೆ ಭಾಳ ಸೇರ್ತದ. ಫ್ರಿಜ್ಜಿನಿಂದ ತಗದಿದ್ದನ್ನ ಮೂಸಿ ನೋಡಿ ಹೋಗಿಬಿಡ್ತದಲ್ಲ, ಅದು ಸೊಕ್ಕಲ್ಲ, ತಣ್ಣಗಿದ್ದದ್ದಕ್ಕ ವಾಸನಿ ಏಳೂದಿಲ್ಲ, ಅಷ್ಟ.

ಮತ್ತೊಂದು ಕಾರಣ ಅದ, ಅದು ನನಗ ಭಾಳ ಸೇರಿದ್ದು. ತಾಯಿ ಬೆಕ್ಕು ಏನು ತಿಂತದೋ ಮರಿನೂ ಅದನ್ನ ತಿನ್ನಲಿಕ್ಕೆ ಕಲೀತದ. ವಾಂಡಾ ವಿರ್ವಿಕಾ ಅನ್ನೋ ಸಂಶೋಧಕಿ ತಾಯಿ ಬೆಕ್ಕುಗಳಿಗೆ ಬಾಳೆಹಣ್ಣು ತಿನ್ನೋ ರೂಢಿ ಹಚ್ಚಿ ನೋಡಿದ್ಲು. ಅವ್ವನ ಜೋಡಿ ಕೂತ ಮರಿಗಳೂ ಬಾಳೆಹಣ್ಣು ತಿನ್ನಲಿಕ್ಕೆ ಹತ್ತಿದ್ವು. ಅಕಿ ಇದನ್ನ ಬರದಿದ್ದು 1978ರಾಗ. ನಮ್ಮನಿಯೊಳಗ ಮೂರು ತಲಿಮಾರಿನ ಬೆಕ್ಕು ಮಸರನ್ನಕ್ಕ ಕಾಯ್ತಾ ಕೂಡೋದು ಯಾಕ ಅಂತ ನನಗ ಆವಾಗ ತಿಳೀತು. ಬೆಕ್ಕಿನ ಸ್ವಭಾವ ಅಲ್ಲ, ಮನಿ ರೂಢಿ. ತವರಮನಿ ಅಡಗಿ ರುಚಿ ನಮ್ಮ ನಾಲಿಗಿ ಬಿಡೂದಿಲ್ಲಲ್ಲ, ಹಂಗ.

ಇಷ್ಟರ ತನಕಾ ಏನೂ ತಕರಾರಿಲ್ಲ. ಒಂದು ಹೋಳು ಕರಬೂಜಿ, ಒಂದು ಚೂರು ಸವತಿಕಾಯಿ ತಿಂದ್ರ ಯಾವ ಬೆಕ್ಕೂ ಸಾಯೂದಿಲ್ಲ. ತಿನ್ನಲಿ, ನಾವೂ ನೋಡಿ ನಗೂಣು.

ಝುಣಕಾ ಮಾತು ಹಂಗಲ್ಲ. ಝುಣಕಾದಾಗ ಏನೇನಿರ್ತದ? ಕಡ್ಲಿ ಹಿಟ್ಟು ಆತು, ಎಣ್ಣಿ ಆತು. ಮತ್ತ ಉಳ್ಳಾಗಡ್ಡಿ, ಬಳ್ಳೊಳ್ಳಿ. ಇವೆರಡೂ ಬೆಕ್ಕಿಗೆ ವಿಷ. ಉಳ್ಳಾಗಡ್ಡಿಯೊಳಗಿನ ಗಂಧಕದ ಅಂಶ ಬೆಕ್ಕಿನ ರಕ್ತದಾಗಿನ ಕೆಂಪು ಕಣಾ ಒಡೀತದ. ಮನುಷ್ಯಾರಕಿಂತ, ನಾಯಿಗಿಂತನೂ ಬೆಕ್ಕಿನ ರಕ್ತ ಇದಕ್ಕ ಲಗೂನ ಸೋಲ್ತದ. ಒಂದು ಕಿಲೋ ಮೈತೂಕಕ್ಕ 5 ಗ್ರಾಂ ಉಳ್ಳಾಗಡ್ಡಿ ಹೋದ್ರ ಸಾಕು, ರಕ್ತ ಕೆಡಲಿಕ್ಕೆ ಸುರು. ನಮ್ಮ ಬೆಕ್ಕುಗೋಳು ಇರೋದ ಮೂರು ನಾಲ್ಕು ಕಿಲೋ. ಅಂದ್ರ 20 ಗ್ರಾಂ, ಒಂದು ಸಣ್ಣ ಉಳ್ಳಾಗಡ್ಡಿ ಅರ್ಧನೂ ಆಗೂದಿಲ್ಲ. ಬಳ್ಳೊಳ್ಳಿ ಅದಕ್ಕಿಂತ ಜೋರು. "ಬೇಯಿಸಿದ್ದಲ್ಲೇನ, ಏನಾಗ್ತದ" ಅಂತೀರಿ. ಬೇಯಿಸಿದ್ರೂ ಹೋಗೂದಿಲ್ಲ, ಹುರದ್ರೂ ಹೋಗೂದಿಲ್ಲ, ಒಣಗಿಸಿ ಪುಡಿ ಮಾಡಿದ್ರ ಇನ್ನೂ ಗಟ್ಟಿ ಆಗ್ತದ. ಉಪ್ಪಿಟ್ಟು, ಒಗ್ಗರಣಿ ಚುರಮರಿ, ಪಲ್ಯಾದ ಎಣ್ಣಿ, ಚಟ್ನಿಪುಡಿ ಮೆತ್ತಿದ ರೊಟ್ಟಿ, ಎಲ್ಲಾ ಇದರಾಗ ಬಂದ್ವು.

ಕೆಟ್ಟದ್ದು ಏನಂದ್ರ, ತಿಂದ ಕೂಡ್ಲೆ ಏನೂ ಆಗೂದಿಲ್ಲ. ಎರಡು ಮೂರು ದಿನಾ ಆದ ಮ್ಯಾಲೆ ಬೆಕ್ಕು ಮೂಲ್ಯಾಗ ಹೋಗಿ ಮಲಗ್ತದ, ಉಸಿರು ಜೋರು ಆಡ್ತದ, ತುಟಿ ಎತ್ತಿ ನೋಡಿದ್ರ ಒಸಡು ಬೆಳ್ಳಗ, ಉಚ್ಚಿ ಕೆಂಪಗ ಕಂದು ಬಣ್ಣ. ಅಷ್ಟರಾಗ ನಾವು ಏನು ತಿನಿಸಿದ್ವಿ ಅನ್ನೋದ ಮರತಿರ್ತೀವಿ. ನಾದಿನಿ ಬೆಕ್ಕಿಗೂ ಹಿಂಗ ಆತು. ವಿಡಿಯೋ ಬಂದು ಹದಿನೈದು ದಿನಾ ಆಗಿರಲಿಲ್ಲ. ಡಾಕ್ಟರು "ಏನು ತಿಂದದ" ಅಂತ ಕೇಳಿದಾಗ ಅಕಿ ಫೋನ್ ತಗದು ಅದ ವಿಡಿಯೋ ತೋರಿಸಿದ್ಲಂತ. ನಾಲ್ಕು ದಿನಾ ಸಲೈನ್ ಹಚ್ಚಿದ ಮ್ಯಾಲೆ ಬೆಕ್ಕು ಉಳೀತು. ಆ ಸುದ್ದಿ ಮಾತ್ರ ಗ್ರೂಪಿನ್ಯಾಗ ಯಾರೂ ಹಾಕಲಿಲ್ಲ.

ಇದರ ಜೋಡಿ ಇನ್ನೊಂದು ಮಾತು ಸೇರಿಸಿಬಿಡ್ತೀನಿ, ತಿನಿಸಿನ ಮಾತಲ್ಲ, ಆದ್ರೂ ಬೇಕು. ಬೆಕ್ಕಿಗೆ ಜ್ವರಾ ಬಂದದ ಅಂತ ನಿಮ್ಮ ಮಾತ್ರಿ ಅರ್ಧಾ ಮುರದು ಕೊಡಬ್ಯಾಡ್ರಿ. ಪ್ಯಾರಾಸಿಟಮಾಲ್ ಒಂದ ಮಾತ್ರಿ ಬೆಕ್ಕಿನ ಜೀವಾ ತಗೀತದ. ಚಾಕಲೇಟೂ ಬ್ಯಾಡ, ಚಹಾನೂ ಬ್ಯಾಡ.

ಇನ್ನ ಹಾಲಿನ ಮಾತಿಗೆ ಬರ್ತೀನಿ. ಇಲ್ಲೇ ನನಗೂ ನಮ್ಮತ್ತಿಯವರಿಗೂ ವರ್ಷಗಟ್ಟಲೆ ನಡದದ್ದು. ಅವರು ಅಂತಾರ, "ನಮ್ಮ ಮನ್ಯಾಗ ಐವತ್ತು ವರ್ಷದಿಂದ ಬೆಕ್ಕು ಅವ, ಹಾಲು ಅನ್ನದ ಮ್ಯಾಲೆ ಬದುಕ್ಯಾವ. ಒಂದಕ್ಕೂ ಮೀನಾ ತೋರಿಸಿಲ್ಲ." ಮಾತು ಖರೆ. ಆದ್ರ ಅರ್ಧಾ ಖರೆ. ಆ ಬೆಕ್ಕುಗೋಳು ಹಾಲು ಅನ್ನ ನಿಮ್ಮ ಎದುರಿಗೆ ತಿಂದ್ವು. ಉಳದದ್ದನ್ನ ನಿಮ್ಮ ಬೆನ್ನ ಹಿಂದ ತಿಂದ್ವು. ಅಂದಿನ ಮನಿಯೊಳಗ ಜೋಳದ ಹಗೇವು ಇತ್ತು, ಚೀಲಾ ಇದ್ವು, ದನದ ಕೊಟಗಿ ಇತ್ತು, ಹಿತ್ತಲದಾಗ ಹುಲ್ಲಿನ ಬಣವಿ ಇತ್ತು. ಇಲಿಗೆ ಬರಾನ ಇರಲಿಲ್ಲ. ಹಲ್ಲಿ, ಗುಬ್ಬಿ ಬ್ಯಾರೆ. ಬೆಕ್ಕು ಮನುಷ್ಯಾನ ಮನಿಗೆ ಬಂದದ್ದ ಅದಕ್ಕ, ನಮ್ಮ ತಾಟು ನೋಡಿ ಬರಲಿಲ್ಲ, ಕಾಳು ತಿನ್ನೋ ಇಲಿ ನೋಡಿ ಬಂತು. ಸೈಪ್ರಸ್ ದ್ವೀಪದಾಗ ಮನುಷ್ಯಾನ ಜೋಡಿ ಹುಗದ ಬೆಕ್ಕಿನ ಎಲವು ಸಿಕ್ಕಾವ, ಸುಮಾರು 9500 ವರ್ಷದ ಹಿಂದಿನವು. ಅಷ್ಟು ವರ್ಷದಿಂದ ನಮ್ಮ ಜೋಡಿ ಅದ, ಆದ್ರ ಹೊಟ್ಟಿ ಮಾತ್ರ ಬದಲಾಗಿಲ್ಲ.

ಈಗ ನಮ್ಮ ಮನಿ ನೋಡ್ರಿ. ಗ್ರಾನೈಟ್ ಹಾಸು, ಡಬ್ಬಿಯೊಳಗ ಹಿಟ್ಟು, ಕಿಡಕಿಗೆ ಜಾಳಗಿ. ಇಲಿ ಎಲ್ಲಿ ಬರಬೇಕು? ಮಗಳು ಅಪಾರ್ಟ್‌ಮೆಂಟಿನ ಮೂರನೇ ಮಾಳಗಿ ಮ್ಯಾಲೆ ಬೆಕ್ಕು ಸಾಕ್ಯಾಳ, ಅದು ನೆಲಾನ ಕಂಡಿಲ್ಲ. ಅಂಥಾ ಬೆಕ್ಕಿಗೆ ಹಾಲು ಅನ್ನ ಹಾಕಿದ್ರ ಅದು ಬರೇ ಹಾಲು ಅನ್ನನ ತಿಂತದ, ಬೆನ್ನ ಹಿಂದ ತಿನ್ನಲಿಕ್ಕೆ ಏನೂ ಇಲ್ಲ.

ಬೆಕ್ಕಿಗೆ ಟಾರಿನ್ ಅನ್ನೋ ಒಂದು ವಸ್ತು ಬೇಕ ಬೇಕು. ನಮ್ಮ ದೇಹ ಅದನ್ನ ತಾನ ಮಾಡಿಕೊಳ್ತದ, ಬೆಕ್ಕಿನ ದೇಹಕ್ಕ ಸಾಲುವಷ್ಟು ಮಾಡಿಕೊಳ್ಳಲಿಕ್ಕೆ ಬರೂದಿಲ್ಲ. ಅದು ಇರೋದು ಮಾಂಸ, ಮೀನದಾಗ. ಅನ್ನ, ರೊಟ್ಟಿ, ಬ್ಯಾಳಿಯೊಳಗ ಇಲ್ಲ, ಹಾಲಿನ್ಯಾಗ ಇರೋದು ಸಾಲೂದಿಲ್ಲ. ಟಾರಿನ್ ಕಡಿಮಿ ಆದ್ರ ಕಣ್ಣಿನ ಹಿಂದಿನ ಪರದಿ ಸಾಯ್ತದ, ಗುಂಡಗಿ ಹಿಗ್ಗಿ ಸೋತು ಹೋಗ್ತದ. ಗುಂಡಗಿ ಮಾತು 1987ರಾಗ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡಾಕ್ಟರು ತೋರಿಸಿಕೊಟ್ರು. ಅದಾದ ಮ್ಯಾಲೆನ ಬೆಕ್ಕಿನ ತಿನಿಸು ಮಾಡೋ ಕಂಪನಿಗಳು ಟಾರಿನ್ ಹೆಚ್ಚಿಗಿ ಸೇರಿಸಲಿಕ್ಕೆ ಹತ್ತಿದ್ರು. ಗುಂಡಗಿ ಕೆಟ್ಟದ್ದು ಲಗೂನ ಗೊತ್ತಾದ್ರ ಟಾರಿನ್ ಕೊಟ್ಟು ಸುಧಾರಿಸಬಹುದು. ಕಣ್ಣು ಹೋದ್ರ ಹೋದಂಗ.

ನಮ್ಮ ಹಿತ್ತಲ ಮನಿ ವೈನಿ ಬೆಕ್ಕು ಹಂಗ ಆಗಿದ್ದು. ಎಂಥಾ ಬೆಕ್ಕಂತೀರಿ, ಹಾಲು, ಮಸರನ್ನ, ಹೋಳಿಗಿ, ಸಜ್ಜಕ, ಹಾಕಿದ್ದೆಲ್ಲಾ ತಿಂತಿತ್ತು. "ನಮ್ಮ ಬೆಕ್ಕು ಮಡಿ ಬೆಕ್ಕು" ಅಂತ ವೈನಿ ಎಲ್ಲಾರ ಮುಂದ ಹೇಳ್ತಿದ್ರು. ಒಂದು ದಿನಾ ಬಾಗಲ ಚೌಕಟ್ಟಿಗೆ ಹಾಯ್ತು. ಆಮ್ಯಾಲೆ ತುಳಸಿ ಕಟ್ಟಿ ಮ್ಯಾಲೆ ಹಾರಲಿಕ್ಕೆ ಹೋಗಿ ಕೆಳಗ ಬಿತ್ತು. ಡಾಕ್ಟರು ಕಣ್ಣಿಗೆ ಬ್ಯಾಟರಿ ಹಾಕಿ ನೋಡಿ, ಇನ್ನ ಇದಕ್ಕ ಕಾಣಸೂದಿಲ್ಲ ಅಂದ್ರು. ವೈನಿ ಅದಕ್ಕ ಹೊಟ್ಟಿ ತುಂಬ ಹಾಕಿದ್ರು, ತಾವು ಉಣ್ಣೂಕಿಂತ ಮೊದಲ ಹಾಕಿದ್ರು. ಅಕ್ಕರ್ತಿ ಕಡಿಮಿ ಇರಲಿಲ್ಲ. ಯಾರೂ ಅವರಿಗೆ ಹೇಳಲಿಲ್ಲ ಅಷ್ಟ. ಅದಕ್ಕ ನಾ ಇಲ್ಲೆ ಇಷ್ಟುದ್ದ ಬರೀಲಿಕ್ಕೆ ಹತ್ತಿದ್ದು.

"ಹಂಗಾರ ಹಾಲೂ ಕೊಡಬಾರದೇನ?" ಅಂತ ಕೇಳ್ತೀರಿ. ಭಾಳ ಬೆಕ್ಕುಗಳಿಗೆ ಮರಿತನ ದಾಟಿದ ಮ್ಯಾಲೆ ಹಾಲು ಅರಗೂದಿಲ್ಲ, ಹೊಟ್ಟಿ ಝಾಡಸ್ತದ. ಕೆಲವಕ್ಕ ಏನೂ ಆಗೂದಿಲ್ಲ. ಮಸರು ಹೆಪ್ಪಾದಾಗ ಹಾಲಿನ ಸಕ್ಕರಿ ಸ್ವಲ್ಪ ಕಡಿಮಿ ಆಗಿರ್ತದ, ಅದಕ್ಕ ಒಂದು ಚಮಚಾ ಮಸರು ನಡೀತದ. ಒಂದು ಚಮಚಾ ಅಂದ್ರ ಒಂದ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕ ಬೇಕಾಗೋದು ಹೆಚ್ಚು ಕಡಿಮಿ 200ರಿಂದ 250 ಕ್ಯಾಲರಿ. ತುಪ್ಪಾ ಸವರಿದ ನಮ್ಮ ಒಂದು ಚಪಾತಿ ಅಂದ್ರ ಅದರ ಅರ್ಧಾ ದಿನದ ಊಟ ಆತು! ನಾವು ಒಂದು ತುಣುಕು, ಮಗಾ ಒಂದು ತುಣುಕು, ಮನ್ಯಾವರು ಒಂದು ತುಣುಕು ಹಾಕಿ, ಸಂಜಿಗೆ "ಯಾಕೋ ತಿನವಲ್ದು" ಅಂತ ಮುಖಾ ಸಣ್ಣ ಮಾಡ್ತೀವಿ. ದಿನದ ಹತ್ತು ಭಾಗದಾಗ ಒಂದು ಭಾಗಕ್ಕಿಂತ ಹೆಚ್ಚು ಹಿಂಗ ಹೊರಗಿನ ತಿನಿಸು ಇರಬಾರದು ಅಂತ ಡಾಕ್ಟರು ಹೇಳ್ತಾರ.

ತತ್ತಿ ಕುದಿಸಿ ಹಾಕಿದ್ರ ಆತಲ್ಲ ಅಂತ ಕೆಲವರು ನಡುವಿನ ದಾರಿ ಹುಡುಕ್ತಾರ. ತತ್ತಿ ಛಲೋ, ಬ್ಯಾಡ ಅನ್ನೂದಿಲ್ಲ. ಆದ್ರ ಟಾರಿನ್ ಅದರಾಗ ಇಲ್ಲದಂಗನ ಅದ. ಮಡಿ ಅರ್ಧಾ ಮುರದು ಬೆಕ್ಕಿನ ಕಣ್ಣು ಉಳೀಲಿಲ್ಲ ಅಂದ್ರ ಏನು ಉಪಯೋಗ?

ನನ್ನ ಮಾತು ನೇರ ಅದ. ನಮ್ಮ ಮಡಿ ನಮಗ, ಬೆಕ್ಕಿಗಲ್ಲ. ಮಾಂಸ ತಿಂದು ಬದುಕಲಿ ಅಂತ ಹುಟ್ಟಿದ ಪ್ರಾಣಿನ ಕರಕೊಂಡು ಬಂದು, ಬಾಗಲಾ ಹಾಕಿ, ನಮ್ಮ ಏಕಾದಶಿ ಅದರ ಮ್ಯಾಲೆ ಹೇರೋದು ಪುಣ್ಯಾದ ಕೆಲಸ ಅಂತ ನನಗ ಅನಸೂದಿಲ್ಲ. ಹೊರಗ ಅಡ್ಯಾಡಿ ಬೇಟಿ ಆಡೋ ಬೆಕ್ಕಿದ್ರ ಅದರ ಮಾತು ಬ್ಯಾರೆ. ಮನಿಯೊಳಗ ಇಟಗೊಂಡ್ರ ಬೆಕ್ಕಿನ ತಿನಿಸು ತರಬೇಕು. ಬೆಕ್ಕಿಂದ ತರ್ರಿ, ನಾಯಿದು ಸೋವಿ ಸಿಗ್ತದ ಅಂತ ತರಬ್ಯಾಡ್ರಿ, ಅದು ಬೆಕ್ಕಿಗೆ ಸಾಲೂದಿಲ್ಲ. ಅದೂ ಮನಿಯೊಳಗ ಬರಬಾರದು ಅಂದ್ರ ಬೆಕ್ಕು ಸಾಕಬ್ಯಾಡ್ರಿ, ಗಿಣಿ ಬರದ ಪರದೆ ತಂದು ಕಿಡಕಿಗೆ ಹಾಕ್ರಿ.

ನಮ್ಮ ಮನ್ಯಾಗ ಇದನ್ನ ಹೆಂಗ ಮಾಡೇವಿ ಅಂತ ಕೇಳಿದವರಿಗೆ ಹೇಳ್ತೀನಿ. ಅಡಗಿ ಮನಿಗೂ ಅದಕ್ಕೂ ಸಂಬಂಧ ಇಲ್ಲ. ಹಿತ್ತಲದಾಗ ಹಂಡೆ ಇಡೋ ಕಟ್ಟಿ ಬಾಜೂಕ ಮುಚ್ಚಳಿದ್ದ ಒಂದು ಡಬ್ಬಿ, ಒಂದು ಚಮಚಾ, ಒಂದು ಸ್ಟೀಲ್ ಬಟ್ಟಲಾ. ಅದನ್ನ ಅಲ್ಲೇ ನಳದಾಗ ತೊಳಿಯೋದು, ಒಳಗ ತರೂದಿಲ್ಲ. ಸುರುವಿನಾಗ ನಮ್ಮತ್ತಿಯವರು ಎರಡು ದಿನಾ ನನ್ನ ಜೋಡಿ ಮಾತಾಡಲಿಲ್ಲ. "ಶನಿವಾರನೂ ಹಾಕ್ತೀಯೇನ?" ಅಂತ ಒಂದ ಮಾತು ಕೇಳಿದ್ರು. ಬೆಕ್ಕಿಗೆ ವಾರ ಗೊತ್ತಿಲ್ಲಾ ಅತ್ತಿ ಅಂದೆ. ಆ ಡಬ್ಬಿ ಹೆಸರು ಅವರು ಇನ್ನೂ ತಗೊಳ್ಳೂದಿಲ್ಲ. ಮುಂಜಾನೆ ನಾ ಪೂಜಾದ ಪಾತ್ರಿ ತಿಕ್ಕಲಿಕ್ಕೆ ಕೂತು ತಡಾ ಆತಂದ್ರ ಪಡಸಾಲಿಯಿಂದ ಅವರದ ಧ್ವನಿ ಬರ್ತದ: "ಬೆಕ್ಕಿನ ಔಷಧದ ಹೊತ್ತಾತು ನೋಡು, ಹಾಕಿ ಬಾ."