ಬಾಟ್ಲಿ ಬಣ್ಣದ ಬರ್ಫ ಬ್ಯಾಡ, ಹಿತ್ತಲ ಹೂವಿನ ಬರ್ಫ ಮಾಡ್ರಿ

ಅಕ್ಕಾರ, ತಂಗೇರ, ನೆಗೆಣ್ಣೇರ, ಈ ಸಲ ನೇರವಾಗೇ ಹೇಳ್ತೀನಿ, ಸಿಟ್ಟಾಗೋರು ಸಿಟ್ಟಾಗ್ರಿ. ಫ್ರಿಜ್ಜಿನ ಬಾಗಲದಾಗ ಕೆಂಪು ಶರಬತ್ತಿನ ಬಾಟ್ಲಿ ನಿಲ್ಲಿಸಿ, ಹಿತ್ತಲದಾಗ ದಾಸವಾಳ ಉದುರಿ ಮಣ್ಣಾಗಾಕ ಬಿಟ್ಟಿರೋ ಮನಿ ನಮ್ಮ ಓಣ್ಯಾಗ ಒಂದೆರಡಲ್ಲ. ಬ್ಯಾಸಿಗಿ ಬಂತಂದ್ರ ಸಾಕು, ಸಿಂಧನೂರಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗೋ ರಸ್ತಿ ಬಾಜೂಕ ಕಲ್ಲಂಗಡಿ ಗುಡ್ಡಿ ಬಿದ್ದಿರ್ತಾವ. ಅದನ್ನ ದಾಟಿ ಹೋಗಿ ನಾವು ಹುಡುಗರಿಗೆ ಕೊಡಸೋದು ಏನು? ಬಣ್ಣದ ನೀರು ಸುರಿದ ಬರ್ಫಗೋಲಾ. ತಿಂದ ಮ್ಯಾಲ ನಾಲಿಗಿ ಚಾಚಿ ಒಬ್ಬಂದು ಕೆಂಪು, ಒಬ್ಬಂದು ಹಸರು ಅಂತ ತೋರಸ್ತಾವ, ನಾವೂ ನಕ್ಕೋತ ಫೋಟೋ ತೆಗೀತೀವಿ.

"ನಾವು ಸಣ್ಣವರಿದ್ದಾಗ ತಿಂದಿಲ್ಲೇನು, ಏನಾತು?" ಅಂತ ಕೇಳೋರು ಬಾಳ ಅದಾರ. ಈ ಮಾತಿಗೆ ನನಗ ಎಲ್ಲದಕ್ಕಿಂತ ಹೆಚ್ಚು ಸಿಟ್ಟು ಬರ್ತೈತಿ. 2024ರ ಮಾರ್ಚ್ ತಿಂಗಳಾಗ ನಮ್ಮ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬಾಂಬೆ ಮಿಠಾಯಿ ಮಾರಬಾರದು ಅಂತ ಆದೇಶ ಮಾಡ್ತು. ಯಾಕ? ತಪಾಸಣಿ ಮಾಡಿದ ಮಿಠಾಯಾಗ ರೋಡಮೈನ್-ಬಿ ಅನ್ನೋದು ಸಿಕ್ಕಿತ್ತು. ಅದು ಬಟ್ಟಿಗೆ ಹಾಕೋ ಬಣ್ಣ. ಅದನ್ನೂ ನಾವು "ಏನಾಗಂಗಿಲ್ಲ ಬಿಡ್ರಿ" ಅಂತಲೇ ತಿನಸ್ತಿದ್ವಿ.

ಬಣ್ಣದ್ದು ಹಂಗಿರಲಿ, ಬರ್ಫದ ಕಥಿ ಏನು? ಬರ್ಫದಾಗ ಎರಡು ಥರ ಅದಾವ. ಒಂದು ತಿನ್ನೋದು, ಇನ್ನೊಂದು ಮೀನು ಗೀನು ಕೆಡದಂಗ ಇಡಾಕ ಬಳಸೋದು. ತಿನ್ನಬಾರದ ಬರ್ಫಕ್ಕ ನೀಲಿ ಬಣ್ಣ ಹಾಕ್ರಿ, ಜನಕ್ಕ ಗುರ್ತು ಸಿಗಲಿ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಾಗ ಹೇಳೈತಿ. ಗೋಣಿಚೀಲ ಸುತ್ತಿ ಬಂಡಿ ಮ್ಯಾಲಿಟ್ಟ ಗಡ್ಡಿ ಯಾವ ನೀರಿಂದು ಅಂತ ನಮ್ಮೊಳಗ ಯಾರರ ಒಮ್ಮಿ ಕೇಳೀವೇನು? ಬರ್ಫ ಆದ್ರ ಹುಳ ಸಾಯ್ತಾವ ಅಂತ ತಿಳಕೊಂಡವರೂ ಅದಾರ. ಇಲ್ರೀ. ತಂಪಿಗೆ ಅವು ಸುಮ್ಮನ ಮಲಕೋತಾವ, ಹೊಟ್ಯಾಗ ಹೋದ ಮ್ಯಾಲ ಏಳ್ತಾವ. 2022ರಾಗ ನಮ್ಮ ಜಿಲ್ಲಾ ಊರು ರಾಯಚೂರಿನಾಗ ನಳದ ಹೊಲಸು ನೀರು ಕುಡಿದು ಮಂದಿ ಸತ್ತಿದ್ದು ಇನ್ನಾ ಮರತಿಲ್ಲ ಅಂದ್ಕೋತೀನಿ. ಕುಡಿಯೋ ನೀರಿಗೆ ಹೆದರೋ ನಾವು ಅದೇ ನೀರು ಗಡ್ಡಿ ಕಟ್ಟಿ ಬಂದ್ರ ಯಾಕ ಹೆದರಂಗಿಲ್ಲ?

ಬಂಡಿ ತಳ್ಳೋ ಅಣ್ಣನ ಮ್ಯಾಲ ನನ್ನ ಸಿಟ್ಟಿಲ್ಲ. ಆ ಉರಿಬಿಸಲಾಗ ನಿಂತು ಹೊಟ್ಟಿ ಹೊರ್ಯೋ ಮನಷ್ಯಾ, ಸಿಕ್ಕ ಬರ್ಫ ತರ್ತಾನ. ನನ್ನ ಜಗಳ ಮನ್ಯಾಗ ಫ್ರಿಜ್ ಇಟಗೊಂಡೂ ಅದರಾಗ ನಿನ್ನಿ ಸಾರು ಬಿಟ್ಟು ಬ್ಯಾರೆ ಏನೂ ಇಡದ ನಮ್ಮ ಸಂಗಾಟ.

ಹಣ್ಣಿನ ರಸ, ಹೂವಿನ ನೀರು ಕೂಡಿಸಿ ಬರ್ಫ ಮಾಡಿ ಕೆರದು ತಿನ್ನೋದಕ್ಕ ಇಟಲಿಯವರು ಗ್ರಾನಿಟಾ ಅಂತಾರ. ನಾನು ಕೆರದ ಬರ್ಫ ಅಂತೀನಿ, ಹೆಸರಿಗೇನು. ಅಲ್ಲಿ ಸಿಸಿಲಿ ಅಂತ ನಮ್ಮಂಗೇ ಬಿಸಲಿನ ದ್ವೀಪ ಐತಿ. ಮೊದಲಿಗೆ ಎಟ್ನಾ ಗುಡ್ಡದ ಹಿಮ ತೆಗ್ಗಿನಾಗ ಮುಚ್ಚಿಟ್ಟು, ಬ್ಯಾಸಿಗ್ಯಾಗ ಇಳಿಸಿಕೊಂಡು ಬಂದು ಲಿಂಬಿ ರಸ ಹಾಕಿ ತಿಂತಿದ್ರಂತ. ಅಲ್ಲೇ ಟ್ರಾಪಾನಿ ಅನ್ನೋ ಊರಾಗ ಮಲ್ಲಿಗಿ ನೆನಸಿದ ನೀರಿಂದೇ ಮಾಡ್ತಾರ. ಮಲ್ಲಿಗಿ ನಮ್ಮಲ್ಲಿ ಇಲ್ಲೇನು? ತಲಿಗೆ ಮುಡೀತೀವಿ, ಸಂಜಿಗೆ ಬಾಡಿದ ಮ್ಯಾಲ ಒಗೀತೀವಿ.

ಮಾಡೋದು ಹೆಂಗ ಅಂದ್ರ, ಕಲ್ಲಂಗಡಿ ಬೀಜ ತೆಗದು ಮಿಕ್ಸಿಗೆ ಹಾಕಿ ಸೋಸಿ ಒಂದು ಲೀಟರ್ ರಸ ತಗೋರಿ. ಹಿತ್ತಲದ ಐದೆಸಳಿನ ಕೆಂಪು ದಾಸವಾಳ ಎಂಟು ಹತ್ತು, ನಡುವಿನ ಕಡ್ಡಿ, ಹಸರು ತೊಟ್ಟು ತೆಗದು ತೊಳದು, ಒಂದು ದೊಡ್ಡ ವಾಟೆ ಕುದಿಯೋ ನೀರು ಅದರ ಮ್ಯಾಲ ಹಾಕಿ ಹತ್ತು ನಿಮಿಷ ಮುಚ್ಚಿಡ್ರಿ. ನೀರು ನೇರಳಿ ಹಣ್ಣಿನ ಬಣ್ಣಕ್ಕ ತಿರಗ್ತೈತಿ. ಸೋಸಿ ಆರಿಸಿ, ಎರಡು ಲಿಂಬಿ ಹಿಂಡ್ರಿ, ಹಿಂಡಿದ ಕೂಡಲೇ ಕಣ್ಣ ಮುಂದ ಕೆಂಪಗ ಆಗ್ತೈತಿ. ಬಾಟ್ಲಿ ಕೆಂಪಿಗೆ ಈ ಕೆಂಪು ಏನು ಕಡಿಮಿ ಐತಿ ಅಂತ ಆಮ್ಯಾಲ ನನಗ ಹೇಳ್ರಿ. ಒಂದು ಚಿಟಗಿ ಉಪ್ಪು, 120 ಗ್ರಾಂ ಸಕ್ಕರಿ ಹಾಕಿ ಕರಗಿಸಿ ಎಲ್ಲಾ ಕೂಡಸ್ರಿ.

ಸಕ್ಕರಿ ಬ್ಯಾಡ ಅಂತ ಪೂರ್ತಿ ಬಿಟ್ರ ರಸ ಕಲ್ಲಾಗ್ತೈತಿ, ಬಾಳ ಸುರುವಿದ್ರ ಹೆಪ್ಪ ಆಗಂಗಿಲ್ಲ. ಸಕ್ಕರಿ ಇದ್ರನ ನೀರು ನಿಧಾನ ಗಟ್ಟಿಯಾಗಿ ಪುಡಿ ಪುಡಿ ಹರಳು ಕಟ್ತೈತಿ. "ಬಾಟ್ಲಿದೂ ಸಕ್ಕರಿ, ಇದೂ ಸಕ್ಕರಿ" ಅನ್ನೋ ಮಾತು ಖರೇನೇ. ಸಕ್ಕರಿ ಕಾಯಿಲಿ ಇದ್ದವರು ಎರಡು ಚಮಚಕ್ಕ ಮುಗಿಸ್ರಿ, ಬಟ್ಟಲ ತುಂಬಿಸ್ಕೋಬ್ಯಾಡ್ರಿ.

ಅಗಲಾದ ಸ್ಟೀಲ್ ತಾಟಿಗೆ ಬೆರಳಷ್ಟು ದಪ್ಪ ಸುರದು ಮ್ಯಾಲಿನ ಬರ್ಫದ ಖಾನ್ಯಾಗ ಇಡ್ರಿ. ಒಂದು ತಾಸಿಗೆ ಅಂಚು ಹೆಪ್ಪ ಆಗ್ತೈತಿ, ಮುಳ್ಳಚಮಚದಿಂದ ಅಂಚಿಂದ ನಡುವಿಗೆ ಕೆರದು ಎಳೀರಿ. ಆಮ್ಯಾಲ ಅರ್ಧ ಅರ್ಧ ತಾಸಿಗೊಮ್ಮಿ, ಮೂರು ನಾಲ್ಕು ಸಲ. ಮಧ್ಯಾಹ್ನ ಕರೆಂಟು ನಂಬಂಗಿಲ್ಲ ಅಂದ್ರ ರಾತ್ರಿ ಇಟ್ಟು ಮಲಕೋರಿ. ಮುಂಜಾನಿ ಹೊರಗ ತೆಗದು ಐದು ನಿಮಿಷ ಬಿಟ್ಟು ಕೆರದ್ರ ಆತು, ಹರಳು ಅಷ್ಟು ಸಣ್ಣ ಬರಂಗಿಲ್ಲ, ರುಚಿಗೇನೂ ಕಡಿಮಿ ಇಲ್ಲ. ಮಲ್ಲಿಗಿ ಹಾಕೋರು ಮಾತ್ರ ಕುದಿಯೋ ನೀರು ಮುಟ್ಟಸಬ್ಯಾಡ್ರಿ, ವಾಸನಿ ಹೋಗ್ತೈತಿ. ಕಾಸಿ ಆರಿಸಿದ ನೀರಾಗ ರಾತ್ರಿಯಿಡೀ ಮುಚ್ಚಿಟ್ಟು ಸೋಸ್ರಿ. ಅದು ಕರಬೂಜಕ್ಕ ಚೊಲೊ ಹೊಂದತೈತಿ.

ಇನ್ನ ಫೋನಿನಾಗ ವಿಡಿಯೋ ನೋಡಿ ಮಾಡೋರಿಗೆ ಒಂದು ಮಾತು, ಇದನ್ನ ಹಗುರಾಗಿ ತಗೋಬ್ಯಾಡ್ರಿ. ಆ ವಿಡಿಯೋದಾಗ ಚಂದ ಕಾಣಲಿ ಅಂತ ಯಾವ್ಯಾವೋ ಹೂವು ಮ್ಯಾಲ ಇಡ್ತಾರ. ನಮ್ಮ ಕಡಿ ಅಂಗಳದಾಗ ಕೈಗೆ ಸಿಗೋ ಗುಲಾಬಿ ಬಣ್ಣದ ಹೂವು ಯಾವುದು? ಕಣಗಲ. ಅದು ವಿಷ, ಹೂವು, ಎಲಿ, ಕಡ್ಡಿ ಎಲ್ಲಾ ವಿಷ. ಕೇರಳದಾಗ ಕಣಗಲ ತಿಂದು ಒಬ್ಬ ಹುಡುಗಿ ಸತ್ತಳು ಅನ್ನೋ ಸಂಶಯ ಬಂದ ಮ್ಯಾಲ, 2024ರ ಮೇ ತಿಂಗಳಾಗ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕ ಈ ಹೂವು ಹಾಕೋದನ್ನೇ ನಿಲ್ಲಸ್ತು. ದತ್ತೂರಿ, ಎಕ್ಕಿ ಹೂವೂ ಹಂಗೇ, ದೂರ ಇಡ್ರಿ. ದಾಸವಾಳ, ನಾಟಿ ಗುಲಾಬಿ, ಮಲ್ಲಿಗಿ, ಈ ಮೂರು ಸಾಕು, ಅವೂ ನಿಮ್ಮ ಕೈಯಾರೆ ಬೆಳಸಿದವೇ ಇರಲಿ. ಬಜಾರದ ಮಾಲಿ ಹೂವಿಗೆ ಔಷಧ ಹೊಡದಿರ್ತಾರ, ಅದು ತಿನ್ನಾಕ ಬೆಳದ ಹೂವಲ್ಲ.

ದೇವರಿಗೆ ಏರಸೋ ಹೂವು ತಿಂತಾರೇನು ಅಂತ ಮೂಗು ಮುರಿಯೋರಿಗೆ, ಪಾನದಾಗ ಹಾಕಿಸ್ಕೊಂಡು ತಿನ್ನೋ ಗುಲಕಂದ ಯಾತರದ್ದು ಅಂತ ಕೇಳ್ರಿ.

ಕಡೀದಾಗಿ, "ಯಾರು ಕುಂತು ಕೆರೀತಾರ" ಅನ್ನೋ ಮಾತು. ಮೇ ತಿಂಗಳಾಗ ರೊಟ್ಟಿ ಹಂಚಿನ ಮುಂದ ಬೇಯ್ತೀವಲ್ಲ, ಅದನ್ನ ಯಾರು ಮಾಡ್ತಾರ ಅಂತ ಯಾರಾರೆ ಕೇಳ್ಯಾರೇನು? ಇದಕ್ಕ ಒಂದು ವಾಟೆ ನೀರು ಕಾಸಿದ್ರ ಒಲಿ ಕೆಲಸ ಮುಗೀತು. ಕೆರ್ಯೋದು ಹುಡುಗರಿಗೆ ಹಚ್ರಿ. ರಜಾ ಐತಿ, ಜಗಳಾಡೋ ಬದಲು ಪಾಳಿ ಹಚ್ಚಿ ಕೆರೀತಾವ, ಗಂಡು ಹುಡುಗರಿಗೂ ಕೈ ಅದಾವ. ಮತ್ತ ಎಲ್ಲಾರಿಗೂ ನೀಡಿ ತಾಟಿನ ತಳದ ನೀರು ಕುಡಿಯೋ ಚಾಳಿ ಬಿಡ್ರಿ, ಮೊದಲಿನ ಬಟ್ಟಲ ನಿಮ್ಮದು. ಅತ್ತಿ ಏನಂದಾರು ಅಂತೀರೇನು? ಅವರದಕ್ಕ ಲಿಂಬಿ ಸ್ವಲ್ಪ ಕಡಿಮಿ ಹಿಂಡಿ ಬ್ಯಾರೆ ತಾಟಿನಾಗ ಇಡ್ರಿ, ಹಲ್ಲು ಜುಮ್ ಅನ್ನಂಗಿಲ್ಲ.